ಕೆಂಪು ಮಸಿಯ ವ್ಯಾಕರಣ

‘ಕೆಳಗಣ ವಾಕ್ಯಗಳಲ್ಲಿರುವ ತಪ್ಪುಗಳನ್ನು ತಿದ್ದಿ ಬರೆಯಿರಿ’ ಎಂಬ ಅಪ್ಪಣೆಗೆ ತಲೆಬಾಗದೆ ಇಂಗ್ಲಿಷ್ ಪರೀಕ್ಷೆಯನ್ನು ದಾಟಿ ಬಂದವರು ನಮ್ಮಲ್ಲಿ ವಿರಳ. ಬ್ಯಾಂಕಿನ ಕೆಲಸಕ್ಕೂ ಸರಕಾರದ ಗುಮಾಸ್ತೆಗಿರಿಗೂ ಇಂದು ನಡೆಯುವ ಸ್ಪರ್ಧಾಪರೀಕ್ಷೆಗಳಲ್ಲಿ ಅದೇ ಅಪ್ಪಣೆ ಬೇರೊಂದು ವೇಷ ತೊಟ್ಟು ಬರುತ್ತದೆ. ಒಂದು ವಾಕ್ಯವನ್ನು ಮೂರು ನಾಲ್ಕು ತುಂಡಾಗಿ ಕತ್ತರಿಸಿ, ತಪ್ಪು ಯಾವ ತುಂಡಿನಲ್ಲಿ ಅಡಗಿದೆ ಎಂದು ಕೇಳುತ್ತಾರೆ. ‘ತಪ್ಪೇ ಇಲ್ಲ’ ಎಂಬುದೂ ಒಂದು ಉತ್ತರವಾಗಿರುವುದುಂಟು. ಮನೆಯಲ್ಲಿ ಕುಳಿತು ಕಂಪ್ಯೂಟರಿನಲ್ಲಿ ಕಾಗದ ಬರೆಯ ಹೊರಟರೆ ಅಲ್ಲಿಯೂ ಯಂತ್ರವೊಂದು ಪದದ ಕೆಳಗೆ ಗೆರೆ ಎಳೆದು ಕಾದಿರುತ್ತದೆ. ಇಷ್ಟು ಜನರ ಬಾಳಿನ ಮೇಲೆ ಇಷ್ಟೊಂದು ಅಧಿಕಾರ ನಡೆಸುವ ಬರವಣಿಗೆಯ ಪ್ರಕಾರವೊಂದನ್ನು ಸಾಹಿತ್ಯವಿಮರ್ಶೆ ಒಮ್ಮೆ ಕೈಗೆತ್ತಿಕೊಂಡು ನೋಡಿದರೆ ಅನುಚಿತವಾಗಲಾರದು.

ಈ ಪ್ರಕಾರದ ಮೊದಲ ಲಕ್ಷಣವೆಂದರೆ, ಇದರಲ್ಲಿ ಬರುವ ವಾಕ್ಯಗಳನ್ನು ಯಾರೂ ಯಾರಿಗೂ ಹೇಳಿದ್ದಲ್ಲ. ವಾಕ್ಯದೊಳಗೆ ಕರ್ತೃಪದವಿರುತ್ತದೆ, ವಾಕ್ಯಕ್ಕೆ ಕರ್ತೃವಿರುವುದಿಲ್ಲ. ಮಳೆ ಬಂದದ್ದು ಯಾವ ಊರಿನಲ್ಲಿ, ರೈಲು ತಪ್ಪಿಸಿಕೊಂಡ ರಾಮ ಯಾರು, ಅವನಿಗೆ ಆಮೇಲೆ ಏನಾಯಿತು ಎಂದು ಕೇಳುವಂತಿಲ್ಲ. ಹೇಳಿದವನಿಲ್ಲದ ಮಾತಿನಲ್ಲಿ ಅವನ ಇಂಗಿತವೇನಿತ್ತು ಎಂಬ ಪ್ರಶ್ನೆ ಹುಟ್ಟುವುದಿಲ್ಲ. ಆದರೆ ತಪ್ಪು ತಿದ್ದುವುದೂ ಒಂದು ಬಗೆಯ ಓದೇ. ಇಂಗಿತವನ್ನು ಬಿಟ್ಟು ಓದಿದವನು ವಾಕ್ಯವನ್ನು ತಿದ್ದಬಲ್ಲನೇ ಎಂಬುದೇ ಇಲ್ಲಿ ವಿಚಾರಿಸಬೇಕಾದ ಸಂಗತಿ.

‘ತಪ್ಪು’ ಎಂಬ ಒಂದೇ ಹೆಸರಿನ ಕೆಳಗೆ ಮೂರು ಬೇರೆ ಬೇರೆ ಪದಾರ್ಥಗಳನ್ನು ನಾವು ರಾಶಿ ಹಾಕಿದ್ದೇವೆ. ಅವುಗಳನ್ನು ಬೇರ್ಪಡಿಸಿಕೊಂಡರೆ ಅರ್ಧ ತೊಡಕು ಬಿಚ್ಚಿದಂತಾಗುತ್ತದೆ.

ಮೊದಲನೆಯ ರಾಶಿ ನಿರ್ವಿವಾದವಾದದ್ದು. ‘ಹಿ ಗೋ ಟು ಸ್ಕೂಲ್’ ಎಂಬುದು ಶಿಷ್ಟ ಇಂಗ್ಲಿಷಿನಲ್ಲಿ ತಪ್ಪು. ‘ಐ ಡಿಡ್ ನಾಟ್ ವೆಂಟ್’ ಎಂಬುದೂ ತಪ್ಪು. ಭೂತಕಾಲವನ್ನು ‘ಡಿಡ್’ ಒಮ್ಮೆ ಹೊತ್ತ ಮೇಲೆ ಮುಂದಿನ ಕ್ರಿಯಾಪದ ಅದನ್ನು ಮತ್ತೆ ಹೊರಬೇಕಾಗಿಲ್ಲ. ಇವುಗಳಿಗೆ ನಿಯಮವಿದೆ, ನಿಯಮವನ್ನು ಹೇಳಿದರೆ ಹತ್ತು ವರ್ಷದ ಹುಡುಗನಿಗೂ ತಿಳಿಯುತ್ತದೆ. ಇವನ್ನು ತಿದ್ದಬಾರದೆಂದು ವಾದಿಸುವವರು ಮಕ್ಕಳಿಗೆ ಉಪಕಾರ ಮಾಡುವವರಲ್ಲ. ಅರ್ಜಿಯೊಂದರಲ್ಲಿ ಇಂಥ ಎರಡು ತಪ್ಪು ಕಂಡರೆ ಅದನ್ನು ಬದಿಗಿಡುವ ಅಧಿಕಾರಿಗಳು ಇದ್ದೇ ಇದ್ದಾರೆ. ಆ ಬಾಗಿಲಿನ ಹೊರಗೆ ನಿಲ್ಲಬೇಕಾಗುವವರು ನಮ್ಮ ಮಕ್ಕಳೇ.

ಎರಡನೆಯ ರಾಶಿಯ ಕಥೆ ಬೇರೆ. ಅದು ಹುಟ್ಟಿದ್ದು ಇಂಗ್ಲೆಂಡಿನಲ್ಲಿ, ವೈಯಾಕರಣರ ಅಭಿರುಚಿಯಿಂದ. ವಾಕ್ಯದ ಕೊನೆಯಲ್ಲಿ ‘ಫ್ರಮ್’, ‘ವಿತ್’ ಮೊದಲಾದ ಉಪಸರ್ಗಗಳನ್ನು ಇಡಬಾರದೆಂಬ ಮಾತಿದೆಯಲ್ಲ, ಅದನ್ನು ನೋಡಿ. 1672ರಲ್ಲಿ ಕವಿ ಡ್ರೈಡನ್ ತನ್ನ ಹಿಂದಿನ ತಲೆಮಾರಿನ ಬೆನ್ ಜಾನ್ಸನ್ನನ ನಾಟಕವೊಂದರಲ್ಲಿ ಈ ದೋಷವನ್ನು ಎತ್ತಿ ತೋರಿಸಿದ. ತನ್ನ ಬರಹದಲ್ಲಿಯೂ ಅದು ನುಸುಳಿದೆಯೆಂದು ಒಪ್ಪಿಕೊಂಡು, ತಾನು ಮೊದಲು ಬರೆದಿದ್ದ ಪ್ರಬಂಧವನ್ನು ಮರುಮುದ್ರಿಸುವಾಗ ಅಂಥ ವಾಕ್ಯಗಳನ್ನು ಹುಡುಕಿ ತಿದ್ದಿದ. ಲ್ಯಾಟಿನ್ನಿನಲ್ಲಿ ಉಪಸರ್ಗ ನಾಮಪದದ ಹಿಂದೆ ನಿಲ್ಲುತ್ತದೆ. ಇಂಗ್ಲಿಷೂ ಹಾಗೆ ನಿಲ್ಲಲಿ ಎಂಬ ಆಸೆ ಆ ಕಾಲದ ವಿದ್ವಾಂಸರಿಗೆ ಸಹಜವಾಗಿತ್ತು. ಆದರೆ ಇಂಗ್ಲಿಷ್ ಜನ ಆಡುವ ಮಾತು ಅವರ ಆಸೆಯಂತೆ ನಡೆಯಲಿಲ್ಲ. 1926ರಲ್ಲಿ ಫೌಲರ್ ತನ್ನ ಪ್ರಸಿದ್ಧ ಪ್ರಯೋಗಕೋಶದಲ್ಲಿ ಈ ನಿಯಮವನ್ನು ಮೂಢನಂಬಿಕೆಯೆಂದು ತಳ್ಳಿಹಾಕಿದ ಮೇಲೂ ನಮ್ಮ ಕೆಲವು ಮೇಷ್ಟರುಗಳು ಅದನ್ನು ಮಡಿಯಿಂದ ಕಾಪಾಡಿಕೊಂಡು ಬಂದರು. ‘ಟು’ ಮತ್ತು ಕ್ರಿಯಾಪದದ ನಡುವೆ ಮತ್ತೊಂದು ಪದ ಹೊಗಬಾರದೆಂಬ ನಿಷೇಧವೂ ಇಂಥದೇ; 1864ರಲ್ಲಿ ಹೆನ್ರಿ ಆಲ್‌ಫರ್ಡ್ ಅದನ್ನು ಆಕ್ಷೇಪಿಸಿದ್ದು ದೊಡ್ಡ ಮಾತಾಯಿತು.

ತಪ್ಪು ಹುಡುಕುವ ಈ ವಿದ್ಯೆಗೆ ಇಂಗ್ಲಿಷಿನಲ್ಲಿ ದೊಡ್ಡ ಪೀಠ ಹಾಕಿಕೊಟ್ಟವನು ರಾಬರ್ಟ್ ಲೌತ್. ಮುಂದೆ ಲಂಡನ್ನಿನ ಬಿಷಪ್ ಆದ ಈತ ಆಕ್ಸ್‌ಫರ್ಡಿನಲ್ಲಿ ಕಾವ್ಯದ ಪ್ರಾಧ್ಯಾಪಕನಾಗಿದ್ದವನು. ಹೀಬ್ರೂ ಕಾವ್ಯವನ್ನು ಕುರಿತು ಆಳವಾಗಿ ಬರೆದವನು. 1762ರಲ್ಲಿ ಅವನು ಪ್ರಕಟಿಸಿದ ಸಣ್ಣ ವ್ಯಾಕರಣ ಗ್ರಂಥದ ರುಚಿಯಿರುವುದು ಅದರ ಅಡಿಟಿಪ್ಪಣಿಗಳಲ್ಲಿ. ಷೇಕ್ಸ್‌ಪಿಯರ್, ಮಿಲ್ಟನ್, ಸ್ವಿಫ್ಟ್, ಅಡಿಸನ್—ಯಾರನ್ನೂ ಬಿಡದೆ ಮಹಾಕವಿಗಳ, ಗದ್ಯಕಾರರ ವಾಕ್ಯಗಳನ್ನು ತಂದು ಅಲ್ಲಿ ತಪ್ಪಿಗೆ ಉದಾಹರಣೆಯಾಗಿ ನಿಲ್ಲಿಸಿದ್ದಾನೆ. ಒಬ್ಬನನ್ನು ಉದ್ದೇಶಿಸಿ ‘ಯು ವಾಸ್’ ಎಂದು ಬರೆಯುವುದು ಆಗಿನ ಒಳ್ಳೆಯ ಲೇಖಕರಲ್ಲಿಯೂ ಇದ್ದ ರೂಢಿ. ಲೌತ್ ಅದನ್ನು ಘೋರ ದೋಷವೆಂದ. ಕಾಲಕ್ರಮದಲ್ಲಿ ಅದು ಶಿಷ್ಟರ ಬರಹದಿಂದ ಮರೆಯಾಯಿತು. ತಮಾಷೆಯೆಂದರೆ, ವಾಕ್ಯದ ಕೊನೆಯಲ್ಲಿ ಉಪಸರ್ಗ ಬರುವುದನ್ನು ಕುರಿತು ಹೇಳುವಾಗ ಲೌತ್ ಬರೆದ ವಾಕ್ಯವೊಂದರಲ್ಲೇ ಉಪಸರ್ಗ ಕೊನೆಗೆ ನಿಂತಿದೆ. ಅವನು ಅದನ್ನು ನಿಷೇಧಿಸಿರಲೂ ಇಲ್ಲ. ಗಂಭೀರ ಶೈಲಿಗೆ ಅಷ್ಟಾಗಿ ಒಪ್ಪದು ಎಂದಿದ್ದ. ಅವನ ಹಿಂದೆ ಬಂದವರು ಅಭಿಪ್ರಾಯವನ್ನು ಶಾಸನವಾಗಿ ಮಾಡಿದರು.

ಇಲ್ಲಿ ನಮ್ಮ ಕೇಶಿರಾಜನನ್ನು ನೆನೆಯುವುದು ಸ್ವಾಭಿಮಾನದ ಮಾತಿಗಾಗಿ ಅಲ್ಲ, ಹೋಲಿಕೆಗಾಗಿ. ಹದಿಮೂರನೆಯ ಶತಮಾನದ ಆ ವೈಯಾಕರಣ ‘ಶಬ್ದಮಣಿದರ್ಪಣ’ದ ಆರಂಭದಲ್ಲಿಯೇ ತನಗೆ ಪ್ರಮಾಣರಾದ ಪೂರ್ವಕವಿಗಳನ್ನು ಹೆಸರಿಸುತ್ತಾನೆ, ಅವರ ಪ್ರಯೋಗ ಲಕ್ಷ್ಯ, ತನ್ನ ಸೂತ್ರ ಲಕ್ಷಣ. ಅವನೂ ದೋಷಗಳನ್ನು ಹೇಳದೆ ಬಿಟ್ಟವನಲ್ಲ. ಆದರೆ ಕವಿಯ ಮಾತು ಅವನಲ್ಲಿ ಮೊದಲು ಸಾಕ್ಷಿಯಾಗಿ ಬರುತ್ತದೆ; ಲೌತ್‌ನಲ್ಲಿ ಅನೇಕ ವೇಳೆ ಆರೋಪಿಯಾಗಿ ಬರುತ್ತದೆ. ಕವಿಯನ್ನೇ ಕಟಕಟೆಗೆ ಹತ್ತಿಸುವ ವ್ಯಾಕರಣವು ಶಾಲೆಯ ಹುಡುಗನ ಕೈಗೆ ಬಂದಾಗ ಅವನಿಗೆ ಭಯ ಕಲಿಸುವುದು ಸಹಜ.

ಇನ್ನು ಮೂರನೆಯ ರಾಶಿ. ನಮಗೆ ಮುಖ್ಯವಾದದ್ದು ಇದು. ಇಲ್ಲಿ ಬರುವ ತಪ್ಪುಗಳು ಅಜ್ಞಾನದಿಂದ ಆದವಲ್ಲ. ಒಂದು ಭಾಷೆಯ ಜ್ಞಾನವನ್ನು ಇನ್ನೊಂದಕ್ಕೆ ಕೊಂಡೊಯ್ದುದರಿಂದ ಆದವು. ಕೆಲವನ್ನು ಹತ್ತಿರದಿಂದ ನೋಡೋಣ.

‘ಐ ನೋ ಹಿಮ್ ಸಿನ್ಸ್ ಫೈವ್ ಇಯರ್ಸ್’ ಎಂದು ನಮ್ಮ ಹುಡುಗ ಬರೆಯುತ್ತಾನೆ. ಉಪಾಧ್ಯಾಯರು ‘ಸಿನ್ಸ್’ ಹೊಡೆದು ‘ಫಾರ್’ ಎಂದು ಬರೆಯುತ್ತಾರೆ, ‘ನೋ’ ಹೊಡೆದು ‘ಹ್ಯಾವ್ ನೋನ್’ ಮಾಡುತ್ತಾರೆ. ಸರಿಯೇ. ಆದರೆ ಹುಡುಗ ಮುಂದಿನ ವಾರ ಅದೇ ತಪ್ಪನ್ನು ಮತ್ತೆ ಮಾಡುತ್ತಾನೆ. ಏಕೆ? ಕನ್ನಡದಲ್ಲಿ ‘ಸೋಮವಾರದಿಂದ ಜ್ವರ’ ಎನ್ನುತ್ತೇವೆ, ‘ಐದು ದಿನದಿಂದ ಜ್ವರ’ ಎಂದೂ ಎನ್ನುತ್ತೇವೆ. ಕಾಲ ಆರಂಭವಾದ ಗಳಿಗೆಗೂ ಅದು ಹಬ್ಬಿದ ಉದ್ದಕ್ಕೂ ‘ಇಂದ’ ಎಂಬ ಒಂದೇ ವಿಭಕ್ತಿ ಸಾಕು. ಇಂಗ್ಲಿಷ್ ಆ ಎರಡನ್ನು ಬೇರೆ ಮಾಡುತ್ತದೆ: ಆರಂಭಕ್ಕೆ ‘ಸಿನ್ಸ್’, ಉದ್ದಕ್ಕೆ ‘ಫಾರ್’. ಜ್ವರ ಇನ್ನೂ ಇರುವುದರಿಂದ ನಾವು ವರ್ತಮಾನದಲ್ಲಿ ಹೇಳುತ್ತೇವೆ. ಅವರು ಹಿಂದಿನಿಂದ ಇಂದಿನವರೆಗೆ ಚಾಚಿದ ಕಾಲಕ್ಕೆ ಬೇರೊಂದು ಕ್ರಿಯಾರೂಪವನ್ನೇ ಇಟ್ಟುಕೊಂಡಿದ್ದಾರೆ. ಈ ಎರಡು ಮಾತುಗಳನ್ನು ಕನ್ನಡದಲ್ಲಿ ವಿವರಿಸಿದರೆ ಐದು ನಿಮಿಷ ಹಿಡಿಯುತ್ತದೆ. ವಿವರಿಸದೆ ಇದ್ದರೆ ಕೆಂಪು ಮಸಿಗೆ ಐದು ವರ್ಷವೂ ಸಾಲದು.

‘ಯು ಆರ್ ಕಮಿಂಗ್, ಈಸಿಂಟ್ ಇಟ್?’ ಎಂಬುದು ‘ನೀವು ಬರುತ್ತೀರಿ, ಅಲ್ಲವೇ?’ ಎಂಬುದರ ನೆರಳು. ನಮ್ಮ ‘ಅಲ್ಲವೇ’ ಲಿಂಗ, ವಚನ, ಕಾಲಗಳ ಗೊಡವೆಗೆ ಹೋಗದೆ ಎಲ್ಲ ವಾಕ್ಯದ ಬಾಲಕ್ಕೂ ಒಪ್ಪುತ್ತದೆ. ಇಂಗ್ಲಿಷ್ ಬಾಲ ಮಾತ್ರ ತಲೆಯನ್ನು ನೋಡಿ ಬದಲಾಗಬೇಕು: ‘ಆರಿಂಟ್ ಯು’, ‘ಡಿಡಿಂಟ್ ಹಿ’, ‘ವೋಂಟ್ ದೇ’. ಹಾಗೆಯೇ, ‘ನೀನು ಬರುವುದಿಲ್ಲವೇ?’ ಎಂದು ಕೇಳಿದರೆ ನಾವು ‘ಹೌದು, ಬರುವುದಿಲ್ಲ’ ಎಂದು ಕೇಳಿದವನ ಊಹೆಗೆ ಒಪ್ಪಿಗೆ ಕೊಡುತ್ತೇವೆ. ಇಂಗ್ಲಿಷಿನವನು ಊಹೆಯನ್ನು ಗಮನಿಸುವುದಿಲ್ಲ. ಸಂಗತಿ ಇಲ್ಲವೆಂದಾದರೆ ಅವನ ಉತ್ತರ ‘ನೋ’. ನಮ್ಮವನು ‘ಎಸ್’ ಎಂದರೆ ಇಂಗ್ಲಿಷಿನವನು ಅವನಿಗಾಗಿ ಎಲೆ ಹಾಕಿಸಿ ಕಾಯುತ್ತಾನೆ!

‘ದಿ’, ‘ಎ’ಗಳ ಕಾಟ ಎಲ್ಲಕ್ಕಿಂತ ದೊಡ್ಡದು. ಕನ್ನಡದಲ್ಲಿ ಅವುಗಳಿಗೆ ಸಮನಾದ ಪದವಿಲ್ಲ ಎಂದು ಹೇಳಿ ಉಪಾಧ್ಯಾಯರು ಕೈಚೆಲ್ಲುವುದುಂಟು. ಪದವಿಲ್ಲದಿದ್ದರೂ ಆ ವಿವೇಕ ನಮ್ಮಲ್ಲಿದೆ. ‘ಅಂಗಡಿಯಿಂದ ಪುಸ್ತಕ ತಂದೆ’ ಎಂದರೆ ಪ್ರಾಯಶಃ ಯಾವುದೋ ಒಂದು ಪುಸ್ತಕ. ‘ಪುಸ್ತಕವನ್ನು ತಂದೆ’ ಎಂದರೆ ಹೇಳುವವನೂ ಕೇಳುವವನೂ ಬಲ್ಲ ಆ ಪುಸ್ತಕ. ‘ಅನ್ನು’ ಪ್ರತ್ಯಯವನ್ನು ಸೇರಿಸುವುದರಲ್ಲಿ, ಬಿಡುವುದರಲ್ಲಿ ನಮ್ಮ ಮಕ್ಕಳು ದಿನವೂ ಮಾಡುವ ವಿವೇಚನೆಯೇ ಇಂಗ್ಲಿಷಿನ ‘ದಿ’ಗೆ ಹತ್ತಿರದ್ದು. ಎಲ್ಲ ಕಡೆಯೂ ಇದು ಹೊಂದದು. ಆದರೆ ಮನೆಯಲ್ಲಿರುವ ದೀಪವನ್ನು ಹಚ್ಚದೆ ಕತ್ತಲೆಯೆಂದು ಕೊರಗುವುದೇಕೆ?

ಈಗ ನಮ್ಮ ವಾದದ ನಡುಮನೆಗೆ ಬರೋಣ. ‘ಹಿ ಓನ್ಲಿ ಟೋಲ್ಡ್ ಮಿ’ ಎಂಬ ವಾಕ್ಯ ಕರ್ನಾಟಕದಲ್ಲಿ ಪ್ರತಿದಿನ ಕಿವಿಗೆ ಬೀಳುತ್ತದೆ. ಶಿಷ್ಟ ಇಂಗ್ಲಿಷಿನ ಕಿವಿಗೆ ಅದು ‘ಅವನು ಹೇಳಿದ ಅಷ್ಟೆ, ಬೇರೇನೂ ಮಾಡಲಿಲ್ಲ’ ಎಂದು ಕೇಳಿಸೀತು. ಆಡಿದವನ ಇಂಗಿತವಾದರೋ ‘ಅವನೇ ಹೇಳಿದ’ ಎಂಬುದು. ‘ನಿನ್ನೆಯೇ ಕೊಟ್ಟೆ’ ಎಂಬುದು ‘ಯೆಸ್ಟರ್‌ಡೇ ಇಟ್‌ಸೆಲ್ಫ್’ ಆಗುವುದೂ ಹೀಗೆಯೇ. ನಮ್ಮ ವ್ಯಾಕರಣ ಅವಧಾರಣೆ ಎಂದು ಕರೆಯುವ ‘ಏ’ಕಾರ ಇಲ್ಲಿ ಇಂಗ್ಲಿಷ್ ಉಡುಪು ಹಾಕಿಕೊಂಡು ನಿಂತಿದೆ. ‘ನಾನಲ್ಲ, ಬೇರೆ ಯಾರೂ ಅಲ್ಲ, ಅವನೇ’ ಎಂಬ ಒಂದು ಇಡೀ ವ್ಯಾಜ್ಯದ ತೀರ್ಪು ಆ ಒಂದು ಅಕ್ಷರದಲ್ಲಿದೆ. ತಿದ್ದುವವರು ಏನು ಮಾಡುತ್ತಾರೆ? ‘ಓನ್ಲಿ’ಯನ್ನು ಹೊಡೆದುಹಾಕಿ ‘ಹಿ ಟೋಲ್ಡ್ ಮಿ’ ಎಂದು ಉಳಿಸುತ್ತಾರೆ. ವಾಕ್ಯ ಶುದ್ಧವಾಯಿತು, ಹೇಳಬೇಕಾದದ್ದು ಹೋಯಿತು. ಸಾಕ್ಷಿ ಹೇಳಲು ಬಂದವನ ಉಚ್ಚಾರವನ್ನು ಸರಿಪಡಿಸಿ ಸಾಕ್ಷ್ಯವನ್ನು ಅಳಿಸಿದಂತಾಯಿತು. ಇಂಗಿತ ತಿಳಿದವರು ‘ಇಟ್ ವಾಸ್ ಹಿ ಹೂ ಟೋಲ್ಡ್ ಮಿ’ ಎಂದು ತಿದ್ದಿಯಾರು. ಅಥವಾ ಮಾತಿನಲ್ಲಾದರೆ ‘ಹಿ’ ಎಂಬುದರ ಮೇಲೆ ಒತ್ತು ಹಾಕುವುದನ್ನು ಕಲಿಸಿಯಾರು. ಕನ್ನಡದ ‘ಏ’ ಮಾಡುವ ಕೆಲಸವನ್ನು ಇಂಗ್ಲಿಷ್ ದನಿಯ ಒತ್ತಿನಿಂದಲೋ ವಾಕ್ಯದ ಕಟ್ಟಿನಿಂದಲೋ ಮಾಡುತ್ತದೆ ಎಂಬ ಒಂದು ಮಾತು ಹತ್ತು ಅಭ್ಯಾಸಗಳಿಗೆ ಸಮ.

ಹೀಗೆಯೇ ‘ಕಸಿನ್ ಬ್ರದರ್’. ‘ಬ್ರದರ್’ ಹೆಚ್ಚಿನದು, ಹೊಡೆಯಿರಿ, ಎನ್ನುತ್ತದೆ ಪರೀಕ್ಷೆ. ಆದರೆ ನಮ್ಮಲ್ಲಿ ದೊಡ್ಡಪ್ಪನ ಮಗ ಅಣ್ಣ. ಸೋದರಮಾವನ ಮಗ ಭಾವನೋ ಭಾವಮೈದುನನೋ ಆದಾನು. ಒಬ್ಬನೊಡನೆ ಮದುವೆಯ ಮಾತನ್ನೇ ಎತ್ತುವಂತಿಲ್ಲ, ಇನ್ನೊಬ್ಬನೊಡನೆ ಅನೇಕ ಮನೆತನಗಳಲ್ಲಿ ಮದುವೆಯೇ ರೂಢಿಯಾಗಿತ್ತು. ಇಂಗ್ಲಿಷಿನ ‘ಕಸಿನ್’ ಗಂಡೋ ಹೆಣ್ಣೋ ಎಂದೂ ಹೇಳುವುದಿಲ್ಲ. ‘ಬ್ರದರ್’ ಸೇರಿಸಿದವನು ತನ್ನ ಮನೆಯ ಸಂಬಂಧವನ್ನು ನಿಖರವಾಗಿ ಹೇಳಲು ಹೊರಟಿದ್ದಾನೆ. ಇಂಥ ಬಳಕೆಗಳಲ್ಲಿ ಕೆಲವು ಕ್ರಮೇಣ ಮನ್ನಣೆಯನ್ನೂ ಪಡೆಯುತ್ತವೆ. ‘ಪೋಸ್ಟ್‌ಪೋನ್’ ಎಂಬುದಕ್ಕೆ ಎದುರಾಗಿ ನಮ್ಮವರು ಬಳಸಿದ ‘ಪ್ರೀಪೋನ್’ ಇಂದು ಆಕ್ಸ್‌ಫರ್ಡ್ ನಿಘಂಟಿನಲ್ಲಿ ಸೇರಿದೆ. ನಿಘಂಟು ಬಾಗಿಲು ತೆರೆದಿದ್ದರೂ ಕೆಂಪು ಮಸಿ ಕೆಲವೆಡೆ ಇನ್ನೂ ಅಡ್ಡಗಟ್ಟಿ ನಿಂತಿದೆ.

ಈ ಮೂರು ರಾಶಿಗಳನ್ನು ಬೇರ್ಪಡಿಸಲು ನಮ್ಮ ಕೈಗೆ ಸಿಕ್ಕಿದ ಪುಸ್ತಕಗಳು ಎಷ್ಟು ನೆರವಾದವು? ಮುಂಬಯಿ ಪ್ರಾಂತದ ಸಿವಿಲ್ ಸರ್ವಿಸಿನಲ್ಲಿದ್ದ ಜಿ. ಸಿ. ವಿಟ್‌ವರ್ತ್ 1907ರಲ್ಲಿ ‘ಇಂಡಿಯನ್ ಇಂಗ್ಲಿಷ್’ ಎಂಬ ಗ್ರಂಥ ಬರೆದ. ಭಾರತೀಯರು ಇಂಗ್ಲಿಷಿನ ಮೇಲೆ ಪಡೆದ ಹಿಡಿತವನ್ನು ಮೆಚ್ಚಿಯೇ ಅವನು ಅವರ ದೋಷಗಳಿಗೆ ಕೈಹಾಕುತ್ತಾನೆ. ಅವನು ಪರಿಶೀಲಿಸುವುದು ನುಡಿಗಟ್ಟಿನ ತಪ್ಪುಗಳನ್ನು ಎಂದು ಹೆಸರಿನಲ್ಲೇ ಹೇಳಿದ್ದು ಒಂದು ಪ್ರಾಮಾಣಿಕತೆ: ವ್ಯಾಕರಣ ಬೇರೆ, ರೂಢಿ ಬೇರೆ ಎಂಬ ಎಚ್ಚರ ಅದರಲ್ಲಿದೆ. ಅಳತೆಗೋಲು ಮಾತ್ರ ಇಂಗ್ಲೆಂಡಿನ ರೂಢಿಯೊಂದೇ. 1930ರ ದಶಕದಲ್ಲಿ ಬಂದ ರೆನ್ ಮತ್ತು ಮಾರ್ಟಿನ್ ಅವರ ವ್ಯಾಕರಣವಂತೂ ನಮ್ಮ ಮನೆಗಳ ಕಪಾಟಿನಲ್ಲಿ ಪಂಚಾಂಗದ ಪಕ್ಕದಲ್ಲಿ ಕುಳಿತಿತು. ಇಬ್ಬರಲ್ಲಿ ಪಿ. ಸಿ. ರೆನ್ ಭಾರತದ ವಿದ್ಯಾ ಇಲಾಖೆಯಲ್ಲಿ ಕೆಲಸ ಮಾಡಿ, 1924ರಲ್ಲಿ ‘ಬೋ ಜೆಸ್ಟ್’ ಎಂಬ ಸಾಹಸದ ಕಾದಂಬರಿ ಬರೆದು ಹೆಸರಾದವನು. ಕಾದಂಬರಿಯಲ್ಲಿ ಮರುಭೂಮಿ, ಕೋಟೆ, ಬಂದೂಕುಗಳನ್ನು ಕಂಡರಿಸಿದವನ ವ್ಯಾಕರಣದಲ್ಲಿ ಇರುವುದು ಅಚ್ಚುಕಟ್ಟು. ವರ್ಗೀಕರಣ ಸ್ಪಷ್ಟ, ಅಭ್ಯಾಸ ಹೇರಳ. ಮೊದಲನೆಯ ರಾಶಿಗೆ ಅದಕ್ಕಿಂತ ಒಳ್ಳೆಯ ಔಷಧ ಕಡಿಮೆ. ಆದರೆ ಓದುವ ಮಗು ಕನ್ನಡದ್ದೋ ಬಂಗಾಳದ್ದೋ ಎಂದು ಆ ಪುಸ್ತಕ ಕೇಳುವುದಿಲ್ಲ. ಮೂರನೆಯ ರಾಶಿಗೆ ಅದರಲ್ಲಿ ನಿದಾನವಿಲ್ಲ.

ಶಾಲೆಯ ಪರೀಕ್ಷೆ ಸ್ವಲ್ಪ ಸುಧಾರಿಸಿದೆ ಎನ್ನಬೇಕು. ಕರ್ನಾಟಕದ ಎಸ್.ಎಸ್.ಎಲ್.ಸಿ. ಇಂಗ್ಲಿಷ್ ಪತ್ರಿಕೆಗಳಲ್ಲಿ ಬಿಡಿ ವಾಕ್ಯದ ಬದಲು ಪುಟ್ಟ ಪರಿಚ್ಛೇದವನ್ನು ಕೊಟ್ಟು, ಅದರೊಳಗಿನ ಎರಡು ತಪ್ಪುಗಳನ್ನು ಸುಳಿವಿನ ಸಹಾಯದಿಂದ ತಿದ್ದಿಸುವ ಕ್ರಮ ಕಂಡುಬಂದಿದೆ. ಪರಿಚ್ಛೇದವೆಂದರೆ ಸಂದರ್ಭ, ಸಂದರ್ಭವೆಂದರೆ ಇಂಗಿತದ ಕಡೆಗೆ ಒಂದು ಹೆಜ್ಜೆ. ಅತ್ತ ಯಂತ್ರದ ತಿದ್ದುಪಡಿಯೂ ಬಹಳ ಜಾಣತನ ಗಳಿಸಿದೆ. ಆದರೂ ವಾಕ್ಯಕ್ಕೆ ಎರಡು ಅರ್ಥ ಸಾಧ್ಯವಾದಲ್ಲಿ ಯಾವುದು ನಿನ್ನದು ಎಂಬುದಕ್ಕೆ ಉತ್ತರ ಕೊಡಬೇಕಾದವನು ಬರೆದವನೇ. ಅದು ಸೂಚಿಸಿದ್ದನ್ನೆಲ್ಲ ಕಣ್ಣುಮುಚ್ಚಿ ಒಪ್ಪಿಕೊಂಡರೆ ಕಾಗದ ನಿರ್ದೋಷವಾಗುತ್ತದೆ, ಬರೆದವನ ದನಿ ಮಾತ್ರ ಅದರಲ್ಲಿ ಉಳಿಯುವುದಿಲ್ಲ.

ದನಿಯ ಮಾತು ಬಂದಾಗ ಹಾಸನದ ರಾಜಾರಾಯರನ್ನು ಬಿಡಲಾಗದು. 1938ರ ‘ಕಾಂತಾಪುರ’ದಲ್ಲಿ ಹಳ್ಳಿಯ ಅಚ್ಚಕ್ಕ ಕಥೆ ಹೇಳುತ್ತಾಳೆ. ‘ಆ್ಯಂಡ್’ಗಳ ಸರಪಳಿಯಲ್ಲಿ ಅವಳ ವಾಕ್ಯ ಪುಟದ ತುಂಬ ಓಡುತ್ತದೆ, ಮೂಲೆಮನೆ ಮೂರ್ತಿಯ ಹೆಸರು ಇಂಗ್ಲಿಷಿನಲ್ಲಿದ್ದರೂ ಕನ್ನಡದಲ್ಲೇ ಕೇಳುತ್ತದೆ. ಪರೀಕ್ಷಕನ ಕೈಗೆ ಸಿಕ್ಕಿದ್ದರೆ ಅಚ್ಚಕ್ಕನಿಗೆ ಉತ್ತೀರ್ಣಳಾಗುವ ಭಾಗ್ಯವಿರಲಿಲ್ಲ. ಹಾಗೆಂದು ಶಾಲೆಯ ಹುಡುಗನ ಪ್ರತಿಯೊಂದು ತಪ್ಪನ್ನೂ ಶೈಲಿಯೆಂದು ಕೊಂಡಾಡುವುದು ಅವಿವೇಕ. ರಾಜಾರಾಯರು ನಿಯಮವನ್ನು ಬಲ್ಲವರು. ಬೇಕೆಂದು ಅದನ್ನು ಬಾಗಿಸಿದರು. ಹುಡುಗನಿಗೆ ಆ ಸ್ವಾತಂತ್ರ್ಯ ಬರಬೇಕಾದರೂ ಮೊದಲು ನಿಯಮ ತಿಳಿಯಬೇಕು. ನಮ್ಮ ದೂರು ಇರುವುದು ತಿದ್ದುವ ರೀತಿಯ ಮೇಲೆ.

ಆ ರೀತಿಯಿಂದ ಆಗುವ ನಷ್ಟ ಅಂಕಪಟ್ಟಿಯಲ್ಲಿ ಕಾಣುವುದಿಲ್ಲ. ಪುಟ ತುಂಬ ಕೆಂಪಾಗಿ ಮರಳಿ ಬಂದ ಮೇಲೆ ಮಗು ಕಲಿಯುವ ಮೊದಲ ಪಾಠ, ಕಡಿಮೆ ಬರೆಯಬೇಕು ಎಂಬುದು. ತನ್ನ ಅಜ್ಜಿಯನ್ನೋ ಊರ ಜಾತ್ರೆಯನ್ನೋ ಬಿಟ್ಟು, ‘ದಿ ಕೌ ಈಸ್ ಎ ಡೊಮೆಸ್ಟಿಕ್ ಆ್ಯನಿಮಲ್’ ಎಂಬ ನಿರಪಾಯವಾದ ಹಸುವಿನ ಬಾಲ ಹಿಡಿದು ಅದು ಪರೀಕ್ಷೆಯ ಹೊಳೆ ದಾಟುತ್ತದೆ. ಮುಂದೆ ದೊಡ್ಡವನಾಗಿ ಕಚೇರಿಯ ಸಭೆಯಲ್ಲಿ, ತನಗೆ ಎಲ್ಲರಿಗಿಂತ ಚೆನ್ನಾಗಿ ತಿಳಿದ ವಿಷಯದಲ್ಲಿ, ಇಂಗ್ಲಿಷ್ ತಪ್ಪಾದೀತೆಂದು ಬಾಯಿ ಮುಚ್ಚಿ ಕೂರುತ್ತಾನೆ. ಕೈಲಾಸಂ ‘ಟೊಳ್ಳು ಗಟ್ಟಿ’ಯಲ್ಲಿ ಪರೀಕ್ಷೆಯ ಜಾಣತನವನ್ನೂ ಬಾಳಿನ ಗಟ್ಟಿತನವನ್ನೂ ಎದುರೆದುರು ನಿಲ್ಲಿಸಿ ನಗಿಸಿದರು. ಆ ನಗೆ ಇಂದಿಗೂ ಹಳೆಯದಾಗಿಲ್ಲ.

ಹಾಗಾದರೆ ತಿದ್ದುವವರು ಮಾಡಬೇಕಾದದ್ದೇನು? ದೊಡ್ಡ ಸುಧಾರಣೆ ಬೇಡ. ಮೂರು ಪ್ರಶ್ನೆ ಸಾಕು. ಬರೆದವನು ಏನು ಹೇಳಹೊರಟ ಎಂಬುದು ಮೊದಲನೆಯದು. ಅದನ್ನು ಅವನ ಭಾಷೆಯಲ್ಲೇ ಕೇಳಬೇಕು. ಇದು ನಿಯಮದ ತಪ್ಪೋ, ತಾಯ್ನುಡಿಯ ನೆರಳೋ, ಕೇವಲ ಅಭಿರುಚಿಯ ಮಾತೋ ಎಂಬುದು ಎರಡನೆಯದು. ಆ ಇಂಗಿತವನ್ನು ಇಂಗ್ಲಿಷ್ ತನ್ನದೇ ಯಾವ ಉಪಾಯದಿಂದ ಹೇಳುತ್ತದೆ ಎಂಬುದು ಮೂರನೆಯದು. ಅಭಿರುಚಿಯದಾದರೆ ಬಿಟ್ಟುಬಿಡಬಹುದು. ನಿಯಮದ್ದಾದರೆ ಕಾರಣ ಹೇಳಿ ತಿದ್ದಬೇಕು. ತಾಯ್ನುಡಿಯದಾದರೆ ಎರಡು ಭಾಷೆಗಳನ್ನೂ ಪಕ್ಕಪಕ್ಕದಲ್ಲಿಟ್ಟು ತೋರಿಸಬೇಕು. ಇದಕ್ಕೆ ಇಂಗ್ಲಿಷ್ ಉಪಾಧ್ಯಾಯರಿಗೆ ಕನ್ನಡ ವ್ಯಾಕರಣ ಚೆನ್ನಾಗಿ ತಿಳಿದಿರಬೇಕಾಗುತ್ತದೆ. ತರಗತಿಯಲ್ಲಿ ಕನ್ನಡದ ಸದ್ದೇ ಕೇಳಬಾರದೆಂದು ಕೆಲವು ಶಾಲೆಗಳು ಇಟ್ಟುಕೊಂಡ ಕಟ್ಟಳೆ, ರೋಗಿಯ ನಾಡಿ ಹಿಡಿಯಬಾರದೆಂದು ವೈದ್ಯನಿಗೆ ಹಾಕಿದ ಕಟ್ಟಳೆಯಂತಿದೆ.

ಒಂದು ಮಗು ‘ಹಿ ಓನ್ಲಿ ಟೋಲ್ಡ್’ ಎಂದು ಬರೆದಾಗ ಅಲ್ಲಿ ಒಂದು ತಪ್ಪೂ ಇದೆ, ಒಂದು ಸತ್ಯವೂ ಇದೆ. ತಪ್ಪನ್ನು ತೆಗೆದು ಸತ್ಯವನ್ನು ಉಳಿಸಬಲ್ಲವರ ಕೈಯಲ್ಲಿ ಯಾವ ಬಣ್ಣದ ಮಸಿ ಇದ್ದರೂ ಚಿಂತೆಯಿಲ್ಲ.